ಎರಡು ಕುರ್ಚಿಗಳ ಕೋಣೆ

ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದ್ದ ಕಾಲವದು. ಸುತ್ತಲಿನ ಊರುಗಳ ಕಾಲೇಜುಗಳಿಗೂ ಅದೇ ಆಸರೆ.

ನೆಲಮಾಳಿಗೆಯ ಆ ಕೋಣೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಕಳಚುತ್ತಿದ್ದರು. ಧೂಳಿನ ಭಯಕ್ಕೆ ಹುಟ್ಟಿದ ನಿಯಮ. ಭಕ್ತಿಗೆ ಹುಟ್ಟಿದ್ದೆಂದು ಆಮೇಲಿನವರು ಹೇಳಿದರು.

ಸರದಿ ಬರುವವರೆಗೆ ಮೆಟ್ಟಿಲ ಮೇಲೆ ಕೂತು, ಒಂದೂರಿನವರ ರೊಟ್ಟಿಗೆ ಇನ್ನೊಂದೂರಿನವರ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಅಂಥ ರುಚಿ ಮತ್ತೆ ಸಿಗಲಿಲ್ಲವೆಂದು ಅಲ್ಲಿ ಕಾದವರೆಲ್ಲ ಇಂದಿಗೂ ಹೇಳುವುದುಂಟು.

ಯಂತ್ರದ ಮುಂದೆ ಎರಡು ಕುರ್ಚಿಗಳಿದ್ದವು. ಒಂದು, ನೋಡುವವರಿಗೆ. ಇನ್ನೊಂದು, ಆಗಷ್ಟೇ ನೋಡಿ ಮುಗಿಸಿದವರಿಗೆ. ಮುಂದಿನವರ ಮೊದಲ ಚಿತ್ರ ಪರದೆಯ ಮೇಲೆ ನಿಚ್ಚಳವಾಗಿ ನಿಲ್ಲುವವರೆಗೆ ಹಿಂದಿನವರು ಏಳುವಂತಿರಲಿಲ್ಲ. ಯಂತ್ರವನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿದ್ದೇವೆಂದು ತಿಳಿಸುವುದು ಅವರ ಹೊಣೆ.

ಈ ಪದ್ಧತಿಯನ್ನು ತಂದವರು ಪ್ರೊಫೆಸರ್ ಇನಾಮದಾರರು. ಗಾಳಿ ಹೀರುವ ಪಂಪಿನ ಸದ್ದನ್ನು ಕೇಳಿಯೇ ಅವರು ಯಂತ್ರದೊಳಗಿನ ನಿರ್ವಾತವನ್ನು ಅಳೆಯುತ್ತಿದ್ದರೆಂಬ ಮಾತಿದೆ. ಎದುರಿನ ಗೋಡೆಯಲ್ಲಿ ಮಾಪಕವೂ ಇತ್ತು.

ಅವರ ಶಿಷ್ಯ ರೇವಣಸಿದ್ಧ ಜೋಳದ ದಂಟಿನ ಬೂದಿಯನ್ನು ಅಭ್ಯಸಿಸುತ್ತಿದ್ದ. ವರ್ಷಗಟ್ಟಲೆ ಸುಟ್ಟು, ಸೋಸಿ, ತೊಳೆದರೂ ಹೇಳಿಕೊಳ್ಳುವಂಥದ್ದೇನೂ ದೊರೆತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಮೊದಲ ಬಾರಿಗೆ, ಚಿತ್ರವನ್ನು ಹಿಗ್ಗಿಸುವ ವರ್ಧನೆಯನ್ನು ತುತ್ತತುದಿಗೆ ಏರಿಸಿದ. ಬೂದಿಯ ಮೈತುಂಬ ನುಣುಪಾದ ಕಾಳುಗಳು ಕಂಡವು. ನವಣೆ ಚೆಲ್ಲಿದಂತೆ, ಎಲ್ಲವೂ ಒಂದೇ ಗಾತ್ರ. ಬೂದಿಯಿಂದ ಇಷ್ಟು ಸಣ್ಣ, ಇಷ್ಟು ಸಮನಾದ ಕಣಗಳನ್ನು ಪಡೆದವರ ಬಗ್ಗೆ ಅವನು ಎಲ್ಲಿಯೂ ಓದಿರಲಿಲ್ಲ.

ಓಡಿಹೋಗಿ ಗುರುಗಳನ್ನು ಕರೆತಂದ.

"ಛಂದ ಅದಾವ," ಎಂದರು ಗುರುಗಳು.

"ಸರ್, ನಾಳೆ ಸಮ್ಮೇಳನದಾಗ ಇದನ್ನ ಹೇಳ್ತೀನ್ರಿ. ಇದೊಂದಾದ್ರ ನನ್ನ ಪದವಿ ಆದಂಗ. ಸಂಜಿ ಗಾಡಿಗೆ ಹೋಗೂತನಾ ಯಂತ್ರ ನನಗ ಬೇಕ್ರಿ."

"ಈಗ ಸರದಿ ಯಾರದು?"

"ಸಬೀಹಾಂದು. ಹತ್ತಿ ಎಳಿ ತಂದಾಳ್ರಿ. ಹತ್ತಿ ಎಲ್ಲಿ ಓಡಿ ಹೋಗತೈತಿ? ಮುಂದಿನ ವಾರ ನೋಡಲಿ."

ಸಬೀಹಾ ಬಾಗಿಲಲ್ಲೇ ನಿಂತಿದ್ದಳು. ದೂರದ ಕಾಲೇಜೊಂದರಿಂದ ನಸುಕಿನ ಬಸ್ಸು ಹಿಡಿದು ಬಂದವಳು. ಕೈಯಲ್ಲಿ ಸ್ಟೀಲಿನ ಪುಟ್ಟ ಡಬ್ಬಿ.

"ಹತ್ತಿ ಓಡಂಗಿಲ್ಲ, ಅಣ್ಣಾರ," ಎಂದಳು. "ನಮ್ಮೂರ ಬಸ್ ಓಡತೈತಿ."

ಗುರುಗಳು ನಕ್ಕರು. ರೇವಣಸಿದ್ಧ ನಗಲಿಲ್ಲ.

"ನೀವ ಹೇಳ್ರಿ ಸರ್. ಒಂದ ಕಡೆ ಹೊಸಾ ಶೋಧ. ಇನ್ನೊಂದ ಕಡೆ ಹಾಸಿಗಿ ಹತ್ತಿ."

ಗುರುಗಳು ಎರಡನೆಯ ಕುರ್ಚಿಯನ್ನು ತೋರಿಸಿದರು. "ಆಕಿ ಮೊದಲನೇ ಚಿತ್ರ ಬರೂತನಾ ಕೂಡು."

"ಅಷ್ಟೊತ್ತು ಸುಮ್ಮನ ಹಾಳಾಗತೈತಲ್ರಿ."

"ಕೂಡು."

ಅವನು ತನ್ನ ಬೂದಿ ಅಂಟಿಸಿದ ಬಿಲ್ಲೆಯನ್ನು ಯಂತ್ರದಿಂದ ಹೊರತೆಗೆದು ಅಂಗೈಯಲ್ಲಿಟ್ಟುಕೊಂಡು ಕುಳಿತ. ಅವಸರದಲ್ಲಿ ವರ್ಧನೆಯನ್ನು ಕೆಳಗಿಳಿಸಲಿಲ್ಲ. ಇಳಿಸಿಲ್ಲವೆಂದು ಹೇಳಲೂ ಇಲ್ಲ.

ವಿದ್ಯುತ್ತು ಹರಿಯದ ಯಾವ ವಸ್ತುವನ್ನೂ ಅಲ್ಲಿ ಹಾಗೆಯೇ ನೋಡಲಾಗದು. ಪರದೆಯೆಲ್ಲ ಬೆಳ್ಳಗೆ ಉರಿಯುತ್ತದೆ. ಅದಕ್ಕಾಗಿ ಮೊದಲು ಬಂಗಾರದ ತೆಳುಲೇಪ ಕೊಡುತ್ತಾರೆ. ನಸುಕಿನಲ್ಲಿ ರೇವಣಸಿದ್ಧ ತನ್ನ ಬೂದಿಗೆ ಕೊಟ್ಟಿದ್ದ. ಈಗ ಸಬೀಹಾ ತನ್ನ ಹತ್ತಿಗೆ ಕೊಟ್ಟಳು. ಲೇಪದ ಗಾಜಿನ ಪಾತ್ರೆಯೊಳಗೆ ನೇರಳೆ ಬೆಳಕು ತುಂಬಿ, ಆರಿತು.

ಹತ್ತಿ ಯಂತ್ರದೊಳಗೆ ಹೋಯಿತು. ಪಂಪು ಗುನುಗಿತು. ರೇವಣಸಿದ್ಧ ಗಡಿಯಾರ ನೋಡಿದ.

ಪರದೆಯ ಮೇಲೆ ಮಸುಕು ಕದಲಿತು, ಮೆಲ್ಲನೆ ತಿಳಿಯಾಯಿತು.

ನುಣುಪಾದ ಕಾಳುಗಳು. ನವಣೆ ಚೆಲ್ಲಿದಂತೆ, ಎಲ್ಲವೂ ಒಂದೇ ಗಾತ್ರ.

ಸಬೀಹಾ ಹುಬ್ಬುಗಂಟಿಕ್ಕಿದಳು. "ಅಣ್ಣಾರ, ನಿಮ್ಮ ಬೂದಿ ಇನ್ನೂ ಒಳಗ ಐತೇನ್ರಿ?"

ರೇವಣಸಿದ್ಧ ಅಂಗೈ ಬಿಚ್ಚಿದ. ಬೂದಿ ಅಲ್ಲಿಯೇ ಇತ್ತು.

ಅಂಗೈಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ಅವನೆಂದ: "ಬಂಗಾರ. ಕಾಣಲಿ ಅಂತ ನಾವ ಬಳದ ಬಂಗಾರ."

ಆಮೇಲೆ ಗುರುಗಳ ಕಡೆ ತಿರುಗಿದ. "ನಿಮಗ ಮೊದಲ ಗೊತ್ತಿತ್ತೇನ್ರಿ ಸರ್?"

"ವರ್ಧನೆ ಇಳಿಸಿ ಕೊಡು. ಆಕಿಗೆ ಎಳಿ ಇನ್ನೂ ಕಂಡಿಲ್ಲ," ಎಂದರು ಗುರುಗಳು.

ಆ ಸಂಜೆಯ ಗಾಡಿ ಅವನಿಲ್ಲದೆ ಹೋಯಿತು.

ಗುರುಗಳಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಈ ಕಥೆಯನ್ನು ಹೇಳುವವರೆಲ್ಲ ಹೇಳುತ್ತಾರೆ. ಅವರು ಪದ್ಧತಿಯನ್ನಷ್ಟೇ ಪಾಲಿಸಿದರೆಂದು ಸಬೀಹಾ ಹೇಳುತ್ತಾಳೆ. ಕೋಣೆಯಲ್ಲಿ ಇದ್ದವಳು ಅವಳು.

ಕಾಲ ಸರಿಯಿತು. ರೇವಣಸಿದ್ಧ ಬೂದಿಯನ್ನು ಮತ್ತೆ ಮೊದಲಿನಿಂದ ಸುಟ್ಟ, ಪದವಿ ಪಡೆದ, ಇನ್ನೊಂದು ಊರಿನಲ್ಲಿ ಪ್ರಾಧ್ಯಾಪಕನಾದ. ಅವನ ತಲೆಯೂ ನರೆತ ಮೇಲೆ, ಅವನ ಪ್ರಯೋಗಾಲಯಕ್ಕೆಂದೇ ಹೊಸ ಸೂಕ್ಷ್ಮದರ್ಶಕ ಬಂದಿತು. ತೋರಿಸಲು ಗುರುಗಳನ್ನು ಕರೆಸಿದ.

ಗುರುಗಳು ಕೋಲೂರಿಕೊಂಡು ಬಂದರು. ಬಾಗಿಲಲ್ಲಿ ಬಾಗಿ ಚಪ್ಪಲಿ ಕಳಚತೊಡಗಿದರು.

"ಇರಲಿ ಬಿಡ್ರಿ ಸರ್. ಈಗ ಅದೇನೂ ಬೇಕಾಗಂಗಿಲ್ಲ."

ಆ ಹೊತ್ತಿಗೆ ಕಳಚಿಯಾಗಿತ್ತು.

ಒಳಗೆ ತಂಪಾಗಿತ್ತು. ಪಂಪಿನ ಸದ್ದೇ ಇರಲಿಲ್ಲ. ಗುರುಗಳು ಕಿವಿಗೊಟ್ಟು ಒಂದಿಷ್ಟು ಹೊತ್ತು ನಿಂತರು.

"ನೆನಪೈತೇನ್ರಿ ಸರ್, ಆ ಮೆಟ್ಟಿಲು? ಆ ಚಟ್ನಿಪುಡಿ?" ಎಂದ ರೇವಣಸಿದ್ಧ. "ಎಷ್ಟ ಕಾದೀವಿ. ಈಗ ಯಾರ ಸರದೀನೂ ಇಲ್ರಿ. ಈ ಬಾಗಿಲು ನನ್ನ ಬೆರಳಿಗಷ್ಟ ತೆಗೀತೈತಿ."

ಗುರುಗಳು ತಲೆದೂಗಿದರು.

ಅವನು ಪರದೆಯನ್ನು ಬೆಳಗಿಸಿದ. ಕಪ್ಪು ಹಿನ್ನೆಲೆಯಲ್ಲಿ ಆರು ಮೂಲೆಯ ಕಣಗಳು, ಜೇನುಹುಟ್ಟಿನಂತೆ ಒತ್ತೊತ್ತಾಗಿ.

"ಯಾರೂ ನೋಡಿಲ್ಲ ಇದನ್ನ. ನೀವ ಮೊದಲನೇರು. ನಾಳೆ ಪತ್ರಿಕೆಗೆ ಕಳಸ್ತೀನ್ರಿ."

"ಛಂದ ಅದಾವ," ಎಂದರು ಗುರುಗಳು.

ರೇವಣಸಿದ್ಧ ತನ್ನ ಕುರ್ಚಿಯಿಂದೆದ್ದು ಅದನ್ನು ಅವರತ್ತ ಸರಿಸಿದ. "ಕೂಡ್ರಿ ಸರ್."

ಗುರುಗಳು ಕೂಡಲಿಲ್ಲ. ಕೋಲಿನ ಮೇಲೆ ಕೈಯಿಟ್ಟು ಕೋಣೆಯನ್ನು ಒಂದು ಸುತ್ತು ನೋಡಿದರು.

"ಇನ್ನೊಂದು ಕುರ್ಚಿ ಎಲ್ಲಿ ಅದ?"