ಸೈರನ್ನಿನ ದನಿ ಕದ್ದ ಟಿವಿ

ಅಗ್ನಿಶಾಮಕ ಠಾಣೆಯ ಮಾಳಿಗೆ ಮೇಲಿದ್ದ ಮುದಿ ಸೈರನ್ನಿಗೆ ಮೈಯೆಲ್ಲ ಉರಿಯುತ್ತಿತ್ತು. ಎದುರಿನ ಚಹಾದಂಗಡಿಯ ಟಿವಿ, ನೆರೆದೇಶದ ಮಂತ್ರಿ ಕೆಮ್ಮಿದರೂ ಸಾಕು, ಯುದ್ಧವೇ ಬಂತೆಂದು ಥೇಟು ಸೈರನ್ನಿನ ದನಿಯಲ್ಲೇ ಅರಚುತ್ತಿತ್ತು.

ಒಂದು ದಿನ ಸೈರನ್ ತಡೆಯಲಾರದೆ ಗದರಿತು: "ನಾಚಿಕೆಯಾಗುವುದಿಲ್ಲವೇ ನಿನಗೆ? ಊರಿಗೆ ಆಪತ್ತು ಬಂದಾಗ ಕೂಗಲೆಂದು ಇಟ್ಟ ದನಿ ಅದು. ನಿನ್ನ ಸಂಜೆಯ ಜಗಳಕ್ಕೆ ಹಾಕುವ ಒಗ್ಗರಣೆಯಲ್ಲ!"

"ಅಜ್ಜಾ, ನೀವು ವರ್ಷಕ್ಕೊಮ್ಮೆ ಕೂಗುವವರು, ನಿಮ್ಮನ್ನು ಯಾರು ಕೇಳುತ್ತಾರೆ? ನಾನು ದಿನಾ ಕೂಗುತ್ತೇನೆ. ನೋಡಿ, ಊರಿಗೆ ಊರೇ ನನ್ನ ಮುಂದೆ ಕೂತಿದೆ," ಎಂದು ಟಿವಿ ಬೀಗಿತು.

"ಕೂತಿದೆಯಲ್ಲ, ಅದೇ ನನ್ನ ಸಂಕಟ! ಆ ದನಿ ಕೇಳಿದವರು ಎದ್ದು ಓಡಬೇಕು, ಮೂರ್ಖಾ!"

ಮರುದಿನ ಚಹಾದಂಗಡಿಯ ಹಿಂದಿದ್ದ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಸೈರನ್ ಗಂಟಲು ಹರಿಯುವಂತೆ ಕೂಗಿತು. ಗಿರಾಕಿಗಳು ತಲೆ ಎತ್ತಲಿಲ್ಲ. ಅಂಗಡಿಯ ಚನ್ನಮಲ್ಲಪ್ಪ ಚಹಾ ಸೋಸುತ್ತಲೇ ಸಿಡುಕಿದ: "ಯಪ್ಪಾ, ಸಾಕಾತು ಇವರ ಯುದ್ಧ! ಯಾರಾದರೂ ಆ ಟಿವಿ ಬಂದ್ ಮಾಡ್ರೋ!"

ಟಿವಿಯನ್ನು ಆ ದಿನ ಇನ್ನೂ ಯಾರೂ ಹಚ್ಚಿರಲೇ ಇಲ್ಲ.