ಕುಲಪತಿಗಳ ಕೆಂಪು ಪೆನ್ನು

ಮೂವತ್ತು ವರ್ಷ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳಿದ ಮಲ್ಲಾರಾಧ್ಯರು ಕುಲಪತಿಗಳಾದರು. ಕುರ್ಚಿ ಬದಲಾಯಿತು, ಜೇಬಿನ ಕೆಂಪು ಪೆನ್ನು ಬದಲಾಗಲಿಲ್ಲ.

ಹೊಸ ಸಭಾಂಗಣದ ಚಾವಣಿಗೆ ಕಾಂಕ್ರೀಟ್ ಹಾಕಿ ಎಂಟೇ ದಿನವಾಗಿತ್ತು; ಅದು ಗಟ್ಟಿಯಾಗುವವರೆಗೆ ಕೆಳಗೆ ಕಂಬಗಳ ಆಧಾರ ಕೊಟ್ಟಿದ್ದರು. ಸೋಮವಾರ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು.

"ಆಧಾರದ ಕಂಬಗಳನ್ನು ನಾಳೆಯೇ ತೆಗೆಸಬೇಕು. ಆದೇಶ ಟೈಪ್ ಮಾಡಿ ತನ್ನಿ," ಎಂದರು ಕುಲಪತಿಗಳು. ಬೇಡವೆನ್ನಲು ಹೋದ ಎಂಜಿನಿಯರು ಆಗಲೇ ಬೈಸಿಕೊಂಡು ಬಂದಿದ್ದ.

ಗುಮಾಸ್ತೆ ಇಂದ್ರಮ್ಮ ಆ ಚಾವಣಿಯ ಕೆಳಗೆ ಮಕ್ಕಳನ್ನು ಕೂರಿಸಲು ಬಿಡುವವರಲ್ಲ. ಆದೇಶ ಟೈಪ್ ಮಾಡಲಿಲ್ಲ. ಅದೇ ಮಾತನ್ನು ಪರೀಕ್ಷೆಯ ಉತ್ತರದಂತೆ, "ಕಾಂಕ್ರೀಟ್ ಹಾಕಿದ ಒಂಬತ್ತನೇ ದಿನ ಸಭಾಂಗಣದ ಆಧಾರದ ಕಂಬಗಳನ್ನು ತೆಗೆಯಬೇಕು" ಎಂದು ಖಾಲಿ ಉತ್ತರಪತ್ರಿಕೆಯಲ್ಲಿ ಬರೆದು ಒಯ್ದರು.

"ಸರ್, ಈ ಉತ್ತರಕ್ಕೆ ಎಷ್ಟು ಅಂಕ ಕೊಡಬಹುದು? ನೀವೇ ನೋಡಬೇಕು."

ಕುಲಪತಿಗಳ ಮುಖ ಅರಳಿತು. ಕೆಂಪು ಪೆನ್ನು ಹೊರಬಂತು.

"ಒಂಬತ್ತನೇ ದಿನಕ್ಕೇ ಕಂಬ ತೆಗೆಯೋದಾ? ಚಾವಣಿ ತಲೆ ಮೇಲೆ ಬೀಳುತ್ತೆ. ಯಾವ ದಡ್ಡ ಬರೆದದ್ದು ಇದು?" ಎನ್ನುತ್ತಾ ದೊಡ್ಡದೊಂದು ಸೊನ್ನೆ ಸುತ್ತಿ ಸಹಿ ಹಾಕಿದರು.

"ಬೆಳಿಗ್ಗೆ ತಾವು ಹೇಳಿದ್ದನ್ನೇ ಬರೆದಿದ್ದೀನಿ, ಸರ್."

ಕುಲಪತಿಗಳು ಸೊನ್ನೆಯನ್ನೊಮ್ಮೆ ನೋಡಿ ಪೆನ್ನನ್ನು ಜೇಬಿಗಿಟ್ಟರು. ಆಮೇಲೆ ಫೋನ್ ಎತ್ತಿ ಉದ್ಘಾಟನೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿದರು.

"ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ?" ಎಂದು ಮೆಲ್ಲಗೆ ಕೇಳಿದರು.

"ಪ್ರಯೋಜನವಿಲ್ಲ ಸರ್," ಎಂದರು ಇಂದ್ರಮ್ಮ. "ಈ ಮೇಷ್ಟ್ರು ಮೂವತ್ತು ವರ್ಷದಲ್ಲಿ ಕೊಟ್ಟ ಸೊನ್ನೆ ಒಂದನ್ನೂ ತಿದ್ದಿದವರಲ್ಲ."