ಒಂದಡಿ ಎತ್ತರದ ಜೀಪು

ಸೋಮವಾರಪೇಟೆಯಲ್ಲಿ ಲಾರೆನ್ಸ್ ಎಂಬ ಮೆಕ್ಯಾನಿಕ್ ಇದ್ದ. ಒಂದು ದಿನ ಕಾಫಿ ತೋಟದ ಸಾಹುಕಾರ ಬೋಪಯ್ಯ ತಾಯಿಯ ಜೊತೆ ಬಂದು, ತನ್ನ ಹಳೇ ಜೀಪು ನಿಲ್ಲಿಸಿ ಗುಡುಗಿದ.

“ತೋಟದ ದಾರಿಯಲ್ಲಿ ಗಾಡಿಯ ಅಡಿ ಕಲ್ಲಿಗೆ ತಾಗ್ತಿದೆ. ಒಂದಡಿ ಎತ್ತರಿಸು, ದೊಡ್ಡ ಲಾರಿ ಟಯರ್ ಹಾಕು. ಇದಕ್ಕಿಂತ ಎತ್ತರದ ಜೀಪು ಊರಲ್ಲೇ ಇರಬಾರದು!”

ಅಷ್ಟು ಎತ್ತರಿಸಿದರೆ ತಿರುವಿನಲ್ಲಿ ಜೀಪು ಮಗುಚುತ್ತದೆಂದು ಲಾರೆನ್ಸನಿಗೆ ಗೊತ್ತು. ಹೇಳಿದರೆ ಸಾಹುಕಾರ ಕೇಳುವವನಲ್ಲ. ಸುಮ್ಮನೆ ಜಾಕ್ ಕೊಟ್ಟು, ಮರದ ದಿಮ್ಮಿಗಳ ಮೇಲೆ ಜೀಪನ್ನು ಒಂದಡಿ ಎತ್ತಿ ನಿಲ್ಲಿಸಿದ.

“ಎತ್ತರ ಸರಿಯಿದೆಯಾ ನೋಡೋಣ ಸಾರ್. ಮೊದಲು ಅವ್ವನೇ ಕೂರಲಿ.”

ಅವ್ವನಿಗೆ ಮಂಡಿನೋವು. ಕಾಲೆತ್ತಿದರು, ಎಟುಕಲಿಲ್ಲ.

“ಏಣಿ ಎಡಗಡೆ ಕಟ್ಟಲಾ, ಬಲಗಡೆ ಕಟ್ಟಲಾ ಸಾರ್?” ಲಾರೆನ್ಸ್ ವಿನಯದಿಂದ ಕೇಳಿದ.

ಅವ್ವ ನಕ್ಕುಬಿಟ್ಟರು. ಬೋಪಯ್ಯನ ಮುಖ ಕೆಂಪಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. “ನಿನಗೆ ಸರಿ ಕಂಡಷ್ಟು ಮಾಡು ಮಾರಾಯ!”

ಲಾರೆನ್ಸ್ ಎರಡೇ ಇಂಚು ಎತ್ತರಿಸಿದ. ಕೆಸರಲ್ಲಿ ಜಾರದ ಟಯರ್ ಹಾಕಿದ. ಯಾರೂ ಕೇಳದಿದ್ದರೂ ಬಾಗಿಲ ಕೆಳಗೊಂದು ಮೆಟ್ಟಿಲು ವೆಲ್ಡ್ ಮಾಡಿದ.

ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಗ್ರೀಸು ಮೆತ್ತಿದ ಲಾರೆನ್ಸನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಾಲ್ಕು ವರ್ಷದಿಂದ ಬೋಪಯ್ಯ ನನ್ನನ್ನು ಮೂಟೆ ಥರ ಎತ್ತಿ ಕೂರಿಸ್ತಿದ್ದ ಮಗನೇ. ಇವತ್ತು ನಾನೇ ಹತ್ತಿದೆ.”